ಸುಣ್ಣದ ಕಣ, ಸಕ್ಕರೆಯ ಹರಳು

ಮಂಡ್ಯ ಮತ್ತು ಶ್ರೀರಂಗಪಟ್ಟಣಗಳ ನಡುವೆ ರೈಲುದಾರಿಯ ಮೇಲಿರುವ ಯಲಿಯೂರಿನಿಂದ ಹಿಡಿದು ಮದ್ದೂರು, ಮಳವಳ್ಳಿಗಳವರೆಗೆ ಹಬ್ಬಿರುವ ಕಬ್ಬಿನ ಸೀಮೆ ಬಹಳ ಹಳೆಯದಲ್ಲ. ಕನ್ನಂಬಾಡಿ ಅಣೆಕಟ್ಟೆಯ ನೀರು ಅಂದಿನ ಇರ್ವಿನ್ ನಾಲೆಯಲ್ಲಿ, ಅಂದರೆ ಇಂದಿನ ವಿಶ್ವೇಶ್ವರಯ್ಯ ನಾಲೆಯಲ್ಲಿ ಹರಿಯತೊಡಗಿದ ಮೇಲೆ ರಾಗಿ, ಹುರುಳಿಯ ಹೊಲಗಳು ಕಬ್ಬಿನ ಗದ್ದೆಗಳಾದವು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯನ್ನು ಕಟ್ಟಿ ಬೆಳೆಸಿದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅವರ ಒತ್ತಾಸೆಯಿಂದ 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. ಜನ ಅದನ್ನು ಇಂದಿಗೂ ಮೈಷುಗರ್ ಎಂದೇ ಕರೆಯುತ್ತಾರೆ. ಈ ಕಾರ್ಖಾನೆಯ ಆರ್ಥಿಕ ಏಳುಬೀಳುಗಳ ಬಗ್ಗೆ, ಕಬ್ಬಿನ ದರದ ಬಗ್ಗೆ ಸಾಕಷ್ಟು ಬರೆಯಲಾಗಿದೆ. ಆದರೆ ಕೊಳೆ ಬೆರೆತ ಹಸಿರುಗಂದು ಕಬ್ಬಿನ ಹಾಲು ಬಿಳಿಯ ಹರಳಾಗುವ ದಾರಿಯಲ್ಲಿ ನಡೆಯುವ ರಸಾಯನ ಕ್ರಿಯೆಗಳು ಬಹುಪಾಲು ದ್ರವದ ಒಡಲಿನಲ್ಲಲ್ಲ, ಅದರಲ್ಲಿ ತೇಲುವ ಅತಿ ಸಣ್ಣ ಖನಿಜ ಕಣಗಳ ಮೈಮೇಲೆ ನಿರ್ಧಾರವಾಗುತ್ತವೆ ಎಂಬ ಸಂಗತಿ ಅಷ್ಟಾಗಿ ಚರ್ಚೆಗೆ ಬಂದಿಲ್ಲ.

ಖನಿಜವೊಂದರ ಒಳಗಿರುವ ಪರಮಾಣುವಿಗೆ ಎಲ್ಲ ದಿಕ್ಕಿನಲ್ಲಿಯೂ ನೆರೆಯವರಿರುತ್ತಾರೆ, ಅದರ ಬಂಧಗಳೆಲ್ಲ ತುಂಬಿರುತ್ತವೆ. ಅಂಚಿನಲ್ಲಿರುವ ಪರಮಾಣುವಿಗಾದರೋ ಒಂದು ಬದಿಯಲ್ಲಿ ಯಾರೂ ಇಲ್ಲದೆ ಕೆಲವು ಬಂಧಗಳು ಅರ್ಧಕ್ಕೇ ನಿಂತಿರುತ್ತವೆ. ಹೀಗೆ ಅರೆತೃಪ್ತವಾಗಿ ಉಳಿದ ಪರಮಾಣುಗಳು ಹತ್ತಿರ ಸುಳಿಯುವ ನೀರನ್ನು, ಲವಣದ ಅಯಾನುಗಳನ್ನು (ವಿದ್ಯುದಂಶ ಹೊತ್ತ ಕಣಗಳನ್ನು), ಸಸ್ಯಜನ್ಯ ಅಂಟುಗಳನ್ನು ತಮ್ಮತ್ತ ಸೆಳೆದು ಹಿಡಿದುಕೊಳ್ಳುತ್ತವೆ. ವಸ್ತುವೊಂದು ಇನ್ನೊಂದರ ಒಳಗೆ ಇಂಗದೆ ಅದರ ಮೈಗೆ ಮಾತ್ರ ಅಂಟುವ ಈ ಕ್ರಿಯೆಗೆ ಅಧಿಶೋಷಣೆ ಎಂದು ಹೆಸರು. ಕಣ ಸಣ್ಣದಾದಷ್ಟೂ ಅದರ ತೂಕಕ್ಕೆ ಹೋಲಿಸಿದರೆ ಮೈಯ ಹರವು ಹೆಚ್ಚುತ್ತದೆ. ಎರೆ ಭೂಮಿಯಲ್ಲಿ ಸಿಗುವ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜದ ಹಾಳೆಯಂಥ ಪದರಗಳನ್ನೆಲ್ಲ ಬಿಡಿಸಿ ಲೆಕ್ಕ ಹಾಕಿದರೆ ಒಂದೇ ಗ್ರಾಮಿನ ಮೇಲ್ಮೈ ಸುಮಾರು 700 ಚದರ ಮೀಟರನ್ನೂ ದಾಟುತ್ತದೆ. ಎರೆ ಮಣ್ಣು ನೀರನ್ನೂ ಗೊಬ್ಬರದ ಸತ್ವವನ್ನೂ ಬಹುಕಾಲ ಹಿಡಿದಿಟ್ಟುಕೊಳ್ಳುವುದಕ್ಕೂ, ಮಂಡ್ಯ ಜಿಲ್ಲೆಯಲ್ಲಿ ಹೆಚ್ಚಾಗಿರುವ ಕೆಂಪು ಮರಳುಮಣ್ಣು ಅವನ್ನು ಬೇಗ ಬಿಟ್ಟುಕೊಡುವುದಕ್ಕೂ ಈ ಹರವಿನ ವ್ಯತ್ಯಾಸ ಒಂದು ಮುಖ್ಯ ಕಾರಣ.

ಕಬ್ಬಿನ ಹಾಲಿನಲ್ಲಿ ಸಕ್ಕರೆ ಒಂಟಿಯಾಗಿರುವುದಿಲ್ಲ. ಸಸಾರಜನಕ, ಅಂಟು, ಮೇಣ, ಬಣ್ಣದ ದ್ರವ್ಯ, ಮಣ್ಣಿನ ಸೂಕ್ಷ್ಮ ಕಣ, ಫಾಸ್ಫೇಟ್ ಮತ್ತು ಸಿಲಿಕಾ ಅದರ ಜೊತೆಗಿರುತ್ತವೆ. ಇವುಗಳಲ್ಲಿ ಅನೇಕವು ತಳಕ್ಕೂ ಇಳಿಯದೆ ಮೇಲಕ್ಕೂ ತೇಲದೆ ನಿಲ್ಲುವ ಕಲಿಲ ಕಣಗಳು. ಅವೆಲ್ಲವೂ ಹೆಚ್ಚಾಗಿ ಋಣ ವಿದ್ಯುದಂಶವನ್ನು ಹೊತ್ತಿರುವುದರಿಂದ ಒಂದನ್ನೊಂದು ದೂರ ತಳ್ಳುತ್ತವೆಯೇ ಹೊರತು ಒಟ್ಟುಗೂಡಿ ಭಾರವಾಗಿ ಮುಳುಗುವುದಿಲ್ಲ. ಆಲೆಮನೆಯಲ್ಲಿ ಕೊಪ್ಪರಿಗೆಗೆ ಸುಣ್ಣದ ತಿಳಿ ಹಾಕಿದಾಗ ಅಥವಾ ಕಾರ್ಖಾನೆಯಲ್ಲಿ ಬಿಸಿ ಮಾಡಿದ ಹಾಲಿಗೆ ಸುಣ್ಣದ ಹಾಲನ್ನು ಬೆರೆಸಿದಾಗ ಆಗುವ ಮೊದಲ ಕೆಲಸ ಹುಳಿಯನ್ನು ತಗ್ಗಿಸುವುದು. ಎರಡನೆಯದು, ರಸಾಯನ ದೃಷ್ಟಿಯಿಂದ ಇನ್ನೂ ಸೊಗಸಾದದ್ದು, ಹಾಲಿನಲ್ಲಿಯೇ ಇದ್ದ ಫಾಸ್ಫೇಟಿನೊಡನೆ ಸುಣ್ಣದ ಕ್ಯಾಲ್ಸಿಯಂ ಕೂಡಿ ಕ್ಯಾಲ್ಸಿಯಂ ಫಾಸ್ಫೇಟ್ ಎಂಬ ಹೊಸ ಖನಿಜವೊಂದು ಆ ಕ್ಷಣದಲ್ಲಿಯೇ ಹುಟ್ಟುವುದು. ಈಗಷ್ಟೇ ಮೂಡಿದ ಈ ಕಣಗಳ ಮೈ ವಿಶಾಲ, ಬಂಧಗಳು ಇನ್ನೂ ತೆರೆದಿರುವಂಥವು. ಕಲಿಲ ಕಣಗಳ ಋಣ ಅಂಶಕ್ಕೂ ಖನಿಜದ ಮೈಗೂ ನಡುವೆ ಕ್ಯಾಲ್ಸಿಯಂ ಅಯಾನು ಸೇತುವೆಯಂತೆ ನಿಂತು ಎರಡನ್ನೂ ಕಟ್ಟುತ್ತದೆ, ಕಟ್ಟಿದ್ದೆಲ್ಲ ಹತ್ತಿಯ ಎಳೆಯಂತೆ ಗುಪ್ಪೆಗೂಡಿ ಮಡ್ಡಿಯಾಗಿ ಇಳಿಯುತ್ತದೆ ಅಥವಾ ಕುದಿಯ ನೊರೆಯೊಡನೆ ಮೇಲೆದ್ದು ಬರುತ್ತದೆ. ಹಾಲಿನಲ್ಲಿ ಫಾಸ್ಫೇಟ್ ಸಾಲದೇ ಹೋದಾಗ ಕಾರ್ಖಾನೆಗಳು ಹೊರಗಿನಿಂದ ಫಾಸ್ಫಾರಿಕ್ ಆಮ್ಲವನ್ನು ಸೇರಿಸುವುದು ಇದೇ ಕಾರಣಕ್ಕೆ, ಅಂದರೆ ಕೊಳೆಯನ್ನು ಹಿಡಿಯಲು ಬೇಕಾದಷ್ಟು ಖನಿಜದ ಮೈಯನ್ನು ಒದಗಿಸಲಿಕ್ಕೆ. ಹೀಗೆ ಹೊರಬಿದ್ದ ಪ್ರೆಸ್ ಮಡ್ಡಿಯನ್ನು ರೈತರು ಗದ್ದೆಗೆ ಗೊಬ್ಬರವಾಗಿ ಹೊತ್ತೊಯ್ಯುತ್ತಾರೆ. ಕಬ್ಬು ಮಣ್ಣಿನಿಂದ ಎಳೆದುಕೊಂಡಿದ್ದ ಫಾಸ್ಫೇಟಿನ ಒಂದು ಪಾಲು ಸುಣ್ಣದ ಹೆಗಲೇರಿ ಮಣ್ಣಿಗೇ ಮರಳುತ್ತದೆ.

ಆಲೆಮನೆಯಲ್ಲಿ ಸುಣ್ಣದ ಜೊತೆಗೆ ಬೆಂಡೆಯ ಗಿಡವನ್ನು ಜಜ್ಜಿ ತೆಗೆದ ಲೋಳೆಯನ್ನೂ ಬಳಸುವ ರೂಢಿಯುಂಟು. ಲೋಳೆಯಲ್ಲಿರುವ ಉದ್ದನೆಯ ಅಂಟಿನ ಸರಪಣಿಗಳು ಒಂದೇ ವೇಳೆಗೆ ಅನೇಕ ಕಣಗಳ ಮೈಗೆ ತಗಲಿಕೊಂಡು, ಸಣ್ಣ ಗುಪ್ಪೆಗಳನ್ನು ದೊಡ್ಡ ಗುಪ್ಪೆಗಳಾಗಿ ಹೆಣೆದು, ಮಡ್ಡಿಯನ್ನು ಜಾಲರಿಯಿಂದ ಸುಲಭವಾಗಿ ಬಾಚಿ ತೆಗೆಯುವಂತೆ ಮಾಡುತ್ತವೆ. ದೊಡ್ಡ ಕಾರ್ಖಾನೆಗಳು ಇದೇ ಕೆಲಸಕ್ಕೆ ಕೃತಕ ಪಾಲಿಮರುಗಳನ್ನು ಕೊಂಡು ತರುತ್ತವೆ. ಬೆಂಡೆಯ ಲೋಳೆಯ ಹಿಂದೆ ಇರುವ ತಿಳಿವಳಿಕೆ ಮೇಲ್ಮೈ ರಸಾಯನವೇ. ಅದಕ್ಕೆ ಬರಹದ ರೂಪ ಬಾರದೆ ಇದ್ದುದರಿಂದ ಅದರ ಬೆಲೆ ಕಡಿಮೆಯಾಗುವುದಿಲ್ಲ, ಮತ್ತು ಅದನ್ನು ಕೈಬಿಟ್ಟು ಬಣ್ಣ ಬಿಳಿಚಿಸುವ ರಾಸಾಯನಿಕವನ್ನೇ ನೆಚ್ಚಿಕೊಂಡದ್ದು ಬೆಲ್ಲದ ಪಾಲಿಗೆ ಒಳಿತಾಗಲಿಲ್ಲ ಎನ್ನಬೇಕಾಗುತ್ತದೆ. ಆ ರಾಸಾಯನಿಕದ ಪ್ರಸ್ತಾಪ ಬಂದಾಗ ಸಂಕಲನ ಕ್ರಿಯೆ ಎಂದರೇನೆಂಬುದನ್ನು ಮೊದಲು ನೋಡಬೇಕು.

ಎರಡು ಪರಮಾಣುಗಳ ನಡುವೆ ಜೋಡಿ ಬಂಧವಿರುವ ಅಣುವಿಗೆ ಇನ್ನೊಂದು ಅಣು ಬಂದು ಸೇರಿ, ಜೋಡಿಯಲ್ಲಿ ಒಂದು ಬಂಧ ಬಿಚ್ಚಿಕೊಂಡು, ಬಂದದ್ದರ ಎರಡು ತುಣುಕುಗಳೂ ಆ ಎರಡು ಪರಮಾಣುಗಳಿಗೆ ಅಂಟಿಕೊಳ್ಳುವುದು ಸಂಕಲನ ಕ್ರಿಯೆ. ಇದರಲ್ಲಿ ಏನನ್ನೂ ಹೊರಗೆ ಹಾಕುವುದಿಲ್ಲ, ಎರಡು ಕೂಡಿ ಒಂದಾಗುತ್ತವೆ. ಶಾಲೆಯ ಪಠ್ಯದಲ್ಲಿ ಇದಕ್ಕೆ ಕೊಡುವ ಉದಾಹರಣೆ ಅಡುಗೆ ಎಣ್ಣೆಗೆ ಜಲಜನಕ ಸೇರಿಸಿ ವನಸ್ಪತಿ ಮಾಡುವುದು. ಎಣ್ಣೆಯೂ ಜಲಜನಕವೂ ಒಂದೇ ಪಾತ್ರೆಯಲ್ಲಿ ಎಷ್ಟು ಹೊತ್ತು ಇದ್ದರೂ ತಾವಾಗಿ ಕೂಡುವುದಿಲ್ಲ, ಏಕೆಂದರೆ ಜಲಜನಕದ ಎರಡು ಪರಮಾಣುಗಳು ಪರಸ್ಪರ ಬಿಗಿಯಾಗಿ ಹಿಡಿದುಕೊಂಡಿರುತ್ತವೆ. ಅವು ನಿಕ್ಕಲ್ ಲೋಹದ ಮೈಮೇಲೆ ಕುಳಿತಾಗ ಅಲ್ಲಿನ ಅರೆತೃಪ್ತ ಬಂಧಗಳು ಆ ಜೋಡಿಯನ್ನು ಬೇರ್ಪಡಿಸುತ್ತವೆ, ಪಕ್ಕದಲ್ಲಿಯೇ ಮೈಗೆ ಅಂಟಿದ ಎಣ್ಣೆಯ ಅಣುವಿಗೆ ಬೇರ್ಪಟ್ಟ ಜಲಜನಕ ಒಂದೊಂದಾಗಿ ಸೇರುತ್ತದೆ. ಆ ನಿಕ್ಕಲನ್ನು ಸಣ್ಣ ಕಣಗಳಾಗಿ ಹರಡಲು ಸಾಮಾನ್ಯವಾಗಿ ಬಳಸುವ ಆಸರೆಯೂ ಒಂದು ಖನಿಜವೇ, ನೀರಿನಲ್ಲಿ ಬಾಳಿದ ಡಯಾಟಮ್ ಎಂಬ ಸೂಕ್ಷ್ಮ ಪಾಚಿಗಳ ಸಿಲಿಕಾ ಚಿಪ್ಪುಗಳ ಪುಡಿ. ಮೇಲ್ಮೈ ಇಲ್ಲಿ ಮಾಡುವ ಕೆಲಸ ಎರಡು ಬಗೆಯದು: ದೂರದೂರವಿದ್ದ ಅಣುಗಳನ್ನು ಒಂದೆಡೆ ದಟ್ಟವಾಗಿ ಕೂಡಿಸುವುದು, ಮತ್ತು ಹಳೆಯ ಬಂಧವನ್ನು ಸಡಿಲಿಸಿ ಹೊಸದಕ್ಕೆ ದಾರಿ ಮಾಡುವುದು.

ಸಕ್ಕರೆ ಕಾರ್ಖಾನೆಯಲ್ಲಿ ಸುಣ್ಣದ ಬೆನ್ನಿಗೇ ಗಂಧಕವನ್ನು ಉರಿಸಿ ಬಂದ ಅನಿಲವನ್ನು, ಅಂದರೆ ಸಲ್ಫರ್ ಡೈಆಕ್ಸೈಡನ್ನು, ಹಾಲಿನೊಳಗೆ ಹಾಯಿಸುತ್ತಾರೆ. ಅದರ ಒಂದು ಪಾಲು ಸುಣ್ಣದೊಡನೆ ಕೂಡಿ ಕ್ಯಾಲ್ಸಿಯಂ ಸಲ್ಫೈಟ್ ಎಂಬ ಹರಳುಗಳಾಗಿ ಒತ್ತರಿಸಿ, ತನ್ನ ಮೈಗೆ ಬಣ್ಣದ ದ್ರವ್ಯವನ್ನು ಅಂಟಿಸಿಕೊಂಡು ಕೆಳಗಿಳಿಯುತ್ತದೆ. ಹಾಲು ಸುಮಾರು 70ರಿಂದ 75 ಡಿಗ್ರಿ ಸೆಲ್ಸಿಯಸ್ ಬಿಸಿಯಿದ್ದಾಗ ಈ ಹರಳುಗಳು ದಪ್ಪಗೆ ಮೂಡಿ ಸುಲಭವಾಗಿ ಸೋಸಲು ಬರುತ್ತವೆ. ತಣ್ಣಗಿದ್ದರೆ ಅವು ನುಣ್ಣನೆಯ ಅಂಟುಮುದ್ದೆಯಾಗಿ ಶೋಧಕದ ಬಟ್ಟೆಯನ್ನು ಮುಚ್ಚಿಬಿಡುತ್ತವೆ. ಉಳಿದ ಪಾಲು ಸಲ್ಫೈಟ್ ದ್ರವದಲ್ಲಿದ್ದುಕೊಂಡು ನಿಜವಾದ ಸಂಕಲನ ಕ್ರಿಯೆಯನ್ನು ನಡೆಸುತ್ತದೆ. ಗ್ಲೂಕೋಸಿನಂಥ ಸಕ್ಕರೆಗಳಲ್ಲಿ ಇಂಗಾಲಕ್ಕೂ ಆಮ್ಲಜನಕಕ್ಕೂ ಜೋಡಿ ಬಂಧವಿರುವ ಕಾರ್ಬೊನಿಲ್ ಎಂಬ ಗುಂಪು ಇರುತ್ತದೆ. ಸಸಾರಜನಕದ ತುಣುಕುಗಳು ಈ ಗುಂಪಿಗೆ ಬಂದು ಸೇರುವುದೇ ಕಾಯಿಸಿದಾಗ ಕಂದು ಬಣ್ಣ ಏರುವ ಸರಣಿಯ ಮೊದಲ ಹೆಜ್ಜೆ. ಸಲ್ಫೈಟ್ ಆ ಜೋಡಿ ಬಂಧಕ್ಕೆ ಮೊದಲೇ ಬಂದು ಸೇರಿಕೊಂಡರೆ ಸಸಾರಜನಕಕ್ಕೆ ಜಾಗವಿಲ್ಲ, ಹೀಗಾಗಿ ಕಂದು ಬಣ್ಣ ಹುಟ್ಟುವುದು ತಡವಾಗುತ್ತದೆ. ಈ ಸಂಕಲನ ಹಿಂದಿರುಗಬಲ್ಲದ್ದು, ಸೇರಿದ ಸಲ್ಫೈಟ್ ಕಾಲಕ್ರಮದಲ್ಲಿ ಬಿಟ್ಟುಹೋಗಬಹುದು. ಗಂಧಕದಿಂದ ಬಿಳಿಯಾದ ಸಕ್ಕರೆ ಗೋದಾಮಿನಲ್ಲಿ ಕೂತು ಮೆಲ್ಲಗೆ ಹಳದಿಗೆ ತಿರುಗುವುದಕ್ಕೆ ಇದೂ ಒಂದು ಕಾರಣ. ಬೆಲ್ಲಕ್ಕೆ ಹಾಕುವ ಹೈಡ್ರೋಸ್ ಎಂಬ ಸೋಡಿಯಂ ಲವಣವೂ ಗಂಧಕದ ಸಂಬಂಧಿಯೇ. ಅದು ಕೊಳೆಯನ್ನು ಹೊರಗೆ ತೆಗೆಯುವುದಿಲ್ಲ, ಬಣ್ಣವನ್ನು ಸ್ವಲ್ಪ ಕಾಲ ಅಡಗಿಸುತ್ತದೆ; ಸುಣ್ಣ ಮತ್ತು ಬೆಂಡೆಯ ಲೋಳೆ ಮಾಡುವ ಕೆಲಸಕ್ಕೂ ಹೈಡ್ರೋಸ್ ಮಾಡುವ ಕೆಲಸಕ್ಕೂ ಇರುವ ಈ ಮೂಲಭೂತ ಅಂತರ ಹಳದಿ ಬೆಲ್ಲವನ್ನೇ ಒಳ್ಳೆಯ ಬೆಲ್ಲವೆಂದು ಆರಿಸಿಕೊಳ್ಳುವ ಗಿರಾಕಿಗಳಿಗೆ ತಿಳಿಯಬೇಕಾದದ್ದು.

ತಿಳಿಯಾದ ಹಾಲನ್ನು ಕಾಯಿಸಿ ಗಟ್ಟಿಯಾಗಿಸಿದ ಮೇಲೆ ಹರಳು ಮೂಡಿಸುವ ಕೆಲಸ ಶುರುವಾಗುತ್ತದೆ, ಸಕ್ಕರೆ ತಯಾರಿಕೆಯಲ್ಲಿ ಇದಕ್ಕಿಂತ ಹೆಚ್ಚು ನಿಗಾ ಬೇಡುವ ಘಟ್ಟ ಮತ್ತೊಂದಿಲ್ಲ. ನೂರು ಗ್ರಾಂ ನೀರು 20 ಡಿಗ್ರಿಯಲ್ಲಿ ಸುಮಾರು 200 ಗ್ರಾಂ ಸಕ್ಕರೆಯನ್ನು, 80 ಡಿಗ್ರಿಯಲ್ಲಿ ಸುಮಾರು 360 ಗ್ರಾಂ ಸಕ್ಕರೆಯನ್ನು ಕರಗಿಸಿಕೊಳ್ಳಬಲ್ಲದು. ಕರಗಬಹುದಾದಷ್ಟೂ ಕರಗಿದ ದ್ರಾವಣ ಪರ್ಯಾಪ್ತ, ಅದಕ್ಕಿಂತ ಹೆಚ್ಚಿನದನ್ನು ಹೊತ್ತು ನಿಂತದ್ದು ಅತಿಪರ್ಯಾಪ್ತ. ದ್ರಾವಣ ಮಿತಿ ಮೀರಿದ ಕೂಡಲೇ ಹರಳು ಬೀಳಬೇಕೆಂದು ತೋರಬಹುದಾದರೂ ಹಾಗಾಗುವುದಿಲ್ಲ. ಹತ್ತಾರು ಅಣುಗಳು ಅಕಸ್ಮಾತ್ತಾಗಿ ಒಂದೆಡೆ ಜೋಡಿಸಿಕೊಂಡು ಪುಟ್ಟ ಗುಂಪಾದರೆ ಅದರ ಒಡಲಿಗಿಂತ ಮೈಯೇ ದೊಡ್ಡದು, ಮೈಯನ್ನು ನಿರ್ಮಿಸಲು ಶಕ್ತಿ ವ್ಯಯವಾಗುತ್ತದೆ, ಆ ವ್ಯಯವನ್ನು ತುಂಬಿಕೊಡುವಷ್ಟು ಲಾಭ ಒಳಗಿನ ಬಂಧಗಳಿಂದ ಬರುವುದಿಲ್ಲ. ಆದ್ದರಿಂದ ಗುಂಪು ಚದುರುತ್ತದೆ. ಒಂದು ನಿರ್ದಿಷ್ಟ ಗಾತ್ರವನ್ನು ದಾಟಿದ ಗುಂಪು ಮಾತ್ರ ಬೆಳೆಯುತ್ತದೆ, ಅದಕ್ಕೆ ಕೇಂದ್ರಕ ಎಂದು ಹೆಸರು. ಆದರೆ ದ್ರಾವಣದಲ್ಲಿ ಮೊದಲೇ ಒಂದು ಮೈ ಇದ್ದರೆ, ಅದು ಧೂಳಿನ ಕಣವಾಗಿರಲಿ, ಪಾತ್ರೆಯ ಗೀರಾಗಿರಲಿ, ಹೊಸ ಹರಳು ಆ ಮೈಗೆ ಒರಗಿಕೊಂಡು ತಾನು ಕಟ್ಟಬೇಕಾದ ಮೇಲ್ಮೈಯಲ್ಲಿ ಒಂದು ಪಾಲನ್ನು ಉಳಿಸಿಕೊಳ್ಳುತ್ತದೆ, ಕೇಂದ್ರಕ ಮೂಡಲು ಇದ್ದ ಅಡೆತಡೆ ಕುಗ್ಗುತ್ತದೆ. ಅಂಗಡಿಯಲ್ಲಿ ಸಿಗುವ ಕಲ್ಲುಸಕ್ಕರೆಯ ನಡುವೆ ದಾರವಿರುವುದು ಇದರ ಅತ್ಯಂತ ಸರಳ ಸಾಕ್ಷಿ. ಪಾಕದಲ್ಲಿ ಇಳಿಬಿಟ್ಟ ನೂಲಿನ ಎಳೆಗಳ ಮೇಲೆಯೇ ಮೊದಲ ಹರಳುಗಳು ಹುಟ್ಟಿ, ಅಲ್ಲಿಂದಲೇ ದೊಡ್ಡದಾಗುತ್ತ ಹೋಗುತ್ತವೆ.

ಕಾರ್ಖಾನೆಯಲ್ಲಿ ಈ ಹುಟ್ಟನ್ನು ಅದೃಷ್ಟಕ್ಕೆ ಬಿಡುವುದಿಲ್ಲ. ಇಂಗ್ಲೆಂಡಿನ ಎಡ್ವರ್ಡ್ ಚಾರ್ಲ್ಸ್ ಹೋವರ್ಡ್ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ರೂಪಿಸಿದ ನಿರ್ವಾತ ಪ್ಯಾನಿನಲ್ಲಿ ಗಾಳಿಯ ಒತ್ತಡ ತಗ್ಗಿಸಿ 60ರಿಂದ 70 ಡಿಗ್ರಿಯ ಆಸುಪಾಸಿನಲ್ಲಿಯೇ ಪಾಕವನ್ನು ಕುದಿಸುತ್ತಾರೆ, ಅದರಿಂದ ಸಕ್ಕರೆ ಸೀಯುವುದಿಲ್ಲ. ಕರಗುವ ಮಿತಿಗೆ ಹೋಲಿಸಿದರೆ 1.2 ಪಟ್ಟಿನವರೆಗೆ ಅತಿಪರ್ಯಾಪ್ತವಾದ ಪಾಕದಲ್ಲಿ ಇರುವ ಹರಳುಗಳು ಬೆಳೆಯುತ್ತವೆಯೇ ಹೊರತು ಹೊಸವು ಹುಟ್ಟುವುದು ವಿರಳ, 1.3 ಪಟ್ಟನ್ನು ಮೀರಿದರೆ ಎಲ್ಲೆಡೆ ಒಮ್ಮೆಗೇ ಕೇಂದ್ರಕಗಳು ಮೂಡುತ್ತವೆ. ಪ್ಯಾನ್ ನೋಡಿಕೊಳ್ಳುವವರು ಪಾಕವನ್ನು ಈ ಎರಡರ ನಡುವಿನ ಇಕ್ಕಟ್ಟಿನಲ್ಲಿ ನಿಲ್ಲಿಸಿ, ನುಣ್ಣಗೆ ಅರೆದು ಆಲ್ಕೋಹಾಲಿನಲ್ಲಿ ಕಲಸಿಟ್ಟ ಸಕ್ಕರೆ ಪುಡಿಯನ್ನು ಬೀಜವಾಗಿ ಬಿಡುತ್ತಾರೆ. ಪ್ರತಿಯೊಂದು ಪುಡಿಯ ಕಣವೂ ಒಂದೊಂದು ಹರಳಿನ ಗರ್ಭವಾಗುತ್ತದೆ, ಸಕ್ಕರೆಯ ಮೇಲ್ಮೈಗಿಂತ ಸಕ್ಕರೆಗೆ ಹೆಚ್ಚು ಹೊಂದುವ ಮೇಲ್ಮೈ ಬೇರೊಂದು ಇರಲಾರದಷ್ಟೆ. ಎಚ್ಚರ ತಪ್ಪಿ ಪಾಕ ಹೆಚ್ಚು ದಟ್ಟವಾದರೆ ಬೇಡದ ಸಣ್ಣ ಹರಳುಗಳ ಹಿಂಡು ಹುಟ್ಟಿಕೊಂಡು, ಕಾಕಂಬಿಯನ್ನು ಬೇರ್ಪಡಿಸುವ ಸೆಂಟ್ರಿಫ್ಯೂಜಿನ ಜಾಲರಿಯಿಂದ ತೂರಿಹೋಗಿ ನಷ್ಟವಾಗುತ್ತದೆ. ಸಕ್ಕರೆಯನ್ನು ಕಾಳಿನ ಗಾತ್ರಕ್ಕೆ ತಕ್ಕಂತೆ ದೊಡ್ಡದು, ಮಧ್ಯಮ, ಸಣ್ಣದು ಎಂದು ವಿಂಗಡಿಸಿ ಮಾರುವುದರಿಂದ ಬೀಜದ ಲೆಕ್ಕಾಚಾರಕ್ಕೆ ಹಣದ ಬೆಲೆಯೂ ಇದೆ.

ಹರಳಿನ ಬೆಳವಣಿಗೆಯೂ ಮೇಲ್ಮೈಯದೇ ಆಟ. ಸಪಾಟಾದ ಮುಖದ ಮೇಲೆ ಅಣು ನಿಲ್ಲುವುದು ಕಷ್ಟ. ಅಲ್ಲಲ್ಲಿ ಮೆಟ್ಟಿಲಿನಂತಿರುವ ಅಂಚುಗಳ ಮೂಲೆಯಲ್ಲಿ ಅದಕ್ಕೆ ಎರಡು ಮೂರು ಕಡೆಯಿಂದ ಹಿಡಿತ ಸಿಗುವುದರಿಂದ ಅಲ್ಲಿಯೇ ಅದು ನೆಲೆಗೊಳ್ಳುತ್ತದೆ. ಆ ಮೂಲೆಗಳನ್ನು ಬೇರೆ ಅಣುಗಳು ಬಂದು ಆಕ್ರಮಿಸಿದರೆ ಆ ಮುಖ ಬೆಳೆಯುವುದು ನಿಧಾನವಾಗಿ ಹರಳಿನ ಆಕಾರವೇ ಬದಲಾಗುತ್ತದೆ. ಕಡಿದ ಕಬ್ಬು ಗಾಡಿಯಲ್ಲೋ ಕಾರ್ಖಾನೆಯ ಅಂಗಳದಲ್ಲೋ ದಿನಗಟ್ಟಲೆ ಕಾದು ನಿಂತಾಗ ಲ್ಯೂಕೊನಾಸ್ಟಾಕ್ ಎಂಬ ಬ್ಯಾಕ್ಟೀರಿಯ ಸಕ್ಕರೆಯನ್ನು ತಿಂದು ಡೆಕ್ಸ್‌ಟ್ರಾನ್ ಎಂಬ ಅಂಟನ್ನು ಮಾಡುತ್ತದೆ. ಆ ಅಂಟು ಸಕ್ಕರೆ ಹರಳಿನ ಕೆಲವು ಮುಖಗಳಿಗೆ ಮಾತ್ರ ಹತ್ತಿಕೊಂಡು ಅವನ್ನು ತಡೆಯುವುದರಿಂದ ಚೌಕಟ್ಟಾಗಿ ಇರಬೇಕಾದ ಕಾಳು ಸೂಜಿಯಂತೆ ಒಂದೇ ದಿಕ್ಕಿನಲ್ಲಿ ನೀಳವಾಗುತ್ತದೆ. ಹರಳಿನ ಆಕಾರವನ್ನು ನೋಡಿಯೇ ಕಬ್ಬು ಎಷ್ಟು ಹಳೆಯದೆಂದು ಅನುಭವಿ ರಸಾಯನಜ್ಞರು ಅಂದಾಜು ಮಾಡಬಲ್ಲರು. ಕಟಾವು ಮಾಡಿದ ಕಬ್ಬನ್ನು ಬೇಗ ಅರೆಯಬೇಕೆಂಬ ರೈತರ ಬೇಡಿಕೆಗೆ ತೂಕದ ನಷ್ಟದಷ್ಟೇ ಬಲವಾದ ಇನ್ನೊಂದು ಆಧಾರವಿದು. ಆಲೆಮನೆಯಲ್ಲಿ ಹಳೆಯ ಕಬ್ಬಿನ ಕಾಟ ಬೇರೆ ರೀತಿಯಲ್ಲಿ ಕಾಣಿಸಿಕೊಳ್ಳುತ್ತದೆ: ಹುಳಿ ಹೆಚ್ಚಾಗಿ ಸಕ್ಕರೆ ಒಡೆದು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗುತ್ತದೆ, ಅವು ಹರಳು ಕಟ್ಟಲು ಅಡ್ಡಿಯಾಗಿ ಬೆಲ್ಲ ಅಚ್ಚಿನಲ್ಲಿ ಗಟ್ಟಿಯಾಗದೆ ಬೆವರುತ್ತದೆ. ಪಾಕ ಸುಮಾರು 118 ಡಿಗ್ರಿಗೆ ಬಂದು, ತಣ್ಣೀರಿಗೆ ಬಿಟ್ಟ ಹನಿ ಗಟ್ಟಿ ಗುಂಡಾದಾಗ ಇಳಿಸಿ, ತಣಿಯುವಾಗ ಬಿಡದೆ ತಿರುವುವುದು ಕೇವಲ ಬಿಸಿ ಆರಲಿಕ್ಕಲ್ಲ. ಮೊದಲು ಮೂಡಿದ ಹರಳುಗಳು ತಿರುವಿಗೆ ಮುರಿದು ಚೂರು ಚೂರಾಗಿ, ಪ್ರತಿಯೊಂದು ಚೂರೂ ಹೊಸ ಕೇಂದ್ರಕವಾಗಿ, ಅಚ್ಚಿನ ತುಂಬ ಒಂದೇ ಹದದ ಕಾಳು ಬರುತ್ತದೆ.

ಎಲ್ಲ ಹರಳೂ ಬೇಕಾದದ್ದಲ್ಲ. ಪಾಕ ಗಟ್ಟಿಯಾಗಿಸುವ ಕೊಳವೆಗಳ ಬಿಸಿ ಗೋಡೆಗೆ ಕ್ಯಾಲ್ಸಿಯಂ ಫಾಸ್ಫೇಟ್, ಸಿಲಿಕೇಟ್, ಆಕ್ಸಲೇಟುಗಳು ಪದರ ಪದರವಾಗಿ ಹತ್ತಿಕೊಂಡು ಉಷ್ಣ ಹಾಯುವುದನ್ನು ತಡೆಯುತ್ತವೆ, ಮೊದಲ ಪದರ ಹತ್ತುವುದು ಕಷ್ಟವಾದರೂ ಒಮ್ಮೆ ಹತ್ತಿದ ಮೇಲೆ ಅದರ ಮೈಯೇ ಮುಂದಿನದಕ್ಕೆ ನೆಲೆಯಾಗುತ್ತದೆ. ಕೊಳವೆಬಾವಿಯ ಗಡಸು ನೀರು ಕಾಯಿಸುವ ಹಂಡೆಯ ಒಳಮೈಯಲ್ಲಿ ಬಿಳಿಯ ಗಾರೆ ಕಟ್ಟುವುದೂ, ಮೈಸೂರು ಸೀಮೆಯ ಹೊಲಗಳಲ್ಲಿ ಮಣ್ಣಿನ ಕಣಗಳ, ಬೇರುಗಳ ಸುತ್ತ ಸುಣ್ಣದ ಗಡ್ಡೆಗಳು ಬಲಿಯುವುದೂ ಇದೇ ನಿಯಮದಿಂದ.

ಒಂದು ಖನಿಜದ ಮೈ ಬೇರೊಂದು ವಸ್ತುವಿನ ಹರಳಿಗೆ ಎಷ್ಟು ಚೆನ್ನಾಗಿ ನೆಲೆಯಾಗಬಲ್ಲದೆಂಬುದು ಎರಡರ ಪರಮಾಣುಗಳ ಜೋಡಣೆ ಎಷ್ಟು ಹೊಂದುತ್ತದೆಂಬುದನ್ನೂ ಅವಲಂಬಿಸಿದೆ. 1946ರಲ್ಲಿ ಅಮೆರಿಕದ ಬರ್ನಾರ್ಡ್ ವಾನೆಗಟ್ ಮೋಡದಲ್ಲಿ ಮಂಜಿನ ಹರಳು ಮೂಡಿಸಲು ಈ ಹೊಂದಿಕೆಯನ್ನು ಹುಡುಕುತ್ತಲೇ ಮಂಜುಗಡ್ಡೆಯ ಜೋಡಣೆಗೆ ಬಹು ಸಮೀಪದ ಜೋಡಣೆಯುಳ್ಳ ಸಿಲ್ವರ್ ಅಯೊಡೈಡನ್ನು ಆರಿಸಿಕೊಂಡರು. ಕರ್ನಾಟಕ ಸರ್ಕಾರ 2017ರಲ್ಲಿ ವರ್ಷಧಾರಿ ಎಂಬ ಹೆಸರಿನಲ್ಲಿ ಕೈಗೊಂಡ ಮೋಡ ಬಿತ್ತನೆಯಂಥ ಕಾರ್ಯಗಳ ಹಿಂದೆ ಇರುವುದು ಅದೇ ಶೋಧ. ಮೋಡಕ್ಕೆ ಬಿತ್ತಿದ್ದರಿಂದ ಎಷ್ಟು ಮಳೆ ಹೆಚ್ಚಾಯಿತೆಂದು ಅಳೆಯುವುದು ಬಹಳ ಕಠಿಣವಾದರೂ ಹರಳಿಗೆ ಮೇಲ್ಮೈ ಬೇಕೆಂಬ ಮಾತಿನಲ್ಲಿ ಅನುಮಾನವಿಲ್ಲ. ಗಾಳಿಯಲ್ಲಿ ತೇಲುವ ಮಣ್ಣಿನ ಧೂಳಿನಲ್ಲಿ ಮಂಜಿನ ಹರಳಿಗೆ ಅತಿ ಸಮರ್ಥ ನೆಲೆಯಾಗುವುದು ಜೇಡಿಯಲ್ಲ, ಪೊಟ್ಯಾಸಿಯಂ ಫೆಲ್ಡ್‌ಸ್ಪಾರ್ ಎಂಬ ಖನಿಜ ಎಂಬುದು 2013ರಲ್ಲಿ ಪ್ರಕಟವಾದ ಸಂಶೋಧನೆಯಿಂದ ತಿಳಿದುಬಂತು. ಮಂಡ್ಯ, ಮದ್ದೂರು, ಮಳವಳ್ಳಿಗಳ ಅಡಿಯಲ್ಲಿರುವ ನೈಸ್ ಶಿಲೆಯ, ಅಂದರೆ ಮೈಸೂರು ಸಂಸ್ಥಾನದ ಭೂವಿಜ್ಞಾನಿ ಸ್ಮೀತ್ ಪೆನಿನ್ಸುಲಾರ್ ನೈಸ್ ಎಂದು ಹೆಸರಿಟ್ಟ ಪುರಾತನ ಬಂಡೆಯ, ಮುಖ್ಯ ಖನಿಜಗಳು ಫೆಲ್ಡ್‌ಸ್ಪಾರ್ ಮತ್ತು ಬೆಣಚುಕಲ್ಲು, ಅಂದರೆ ಕ್ವಾರ್ಟ್ಜ್.

ಕ್ವಾರ್ಟ್ಜ್ ಇಲ್ಲಿ ಇನ್ನೊಂದು ಆಳವಾದ ಪ್ರಶ್ನೆಯನ್ನು ಎತ್ತುತ್ತದೆ. ಅದರೊಳಗೆ ಸಿಲಿಕಾನ್ ಮತ್ತು ಆಮ್ಲಜನಕಗಳು ತಿರುಪಿನಂತೆ ಸುತ್ತಿಕೊಂಡು ಸಾಗುತ್ತವೆ, ಆ ಸುತ್ತು ಬಲಕ್ಕೂ ಇರಬಹುದು, ಎಡಕ್ಕೂ ಇರಬಹುದು; ಎರಡೂ ಒಂದಕ್ಕೊಂದು ಕನ್ನಡಿಯ ಬಿಂಬವಾಗಿರುತ್ತವೆ, ಒಂದರ ಮೇಲೊಂದು ಕೂರುವುದಿಲ್ಲ. ಸಕ್ಕರೆಯ ಅಣುವಿಗೂ ಇಂಥ ಕೈತನವುಂಟು, ಆದರೆ ಕಬ್ಬಿನಲ್ಲಿ ಒಂದೇ ಕೈಯ ಅಣುಗಳಿರುತ್ತವೆ. ಸಕ್ಕರೆ ಕಾರ್ಖಾನೆಯ ಪ್ರಯೋಗಾಲಯ ಪ್ರತಿದಿನ ಅಳೆಯುವ ‘ಪೋಲ್’ ಎಂಬ ಸಂಖ್ಯೆ ಈ ಕೈತನದ ಮೇಲೆಯೇ ನಿಂತಿದೆ: ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕು ಸಕ್ಕರೆ ದ್ರಾವಣದ ಮೂಲಕ ಹಾದಾಗ ಬಲಕ್ಕೆ ತಿರುಗುತ್ತದೆ, ತಿರುವು ಹೆಚ್ಚಾದಷ್ಟೂ ಸಕ್ಕರೆ ಹೆಚ್ಚು, ಸಕ್ಕರೆ ಒಡೆದು ಗ್ಲೂಕೋಸ್, ಫ್ರಕ್ಟೋಸ್ ಆದರೆ ಫ್ರಕ್ಟೋಸಿನ ಎಡಗಡೆಯ ಸೆಳೆತ ಮೇಲುಗೈಯಾಗಿ ಬೆಳಕು ಎಡಕ್ಕೆ ತಿರುಗುತ್ತದೆ. ಜೀವಿಗಳಲ್ಲಿ ಬಹುಪಾಲು ಸಕ್ಕರೆಗಳು ಒಂದೇ ಕೈಯವಾದದ್ದು ಹೇಗೆ?

ಈ ಪ್ರಶ್ನೆಯ ಉತ್ತರಕ್ಕೆ ಸುಣ್ಣವೇ ಒಂದು ತಡೆಯೊಡ್ಡುತ್ತದೆ. ರಷ್ಯದ ಅಲೆಕ್ಸಾಂಡರ್ ಬಟ್ಲೆರೊವ್ 1861ರಲ್ಲಿ ಫಾರ್ಮಾಲ್ಡಿಹೈಡ್ ಜಾತಿಯ ದ್ರವ್ಯವನ್ನು ಸುಣ್ಣದ ನೀರಿನಲ್ಲಿ ಕಾಯಿಸಿ ಸಿಹಿಯಾದ ಪಾಕವನ್ನು ಪಡೆದರು. ಫಾರ್ಮಾಲ್ಡಿಹೈಡಿನ ಕಾರ್ಬೊನಿಲ್ ಗುಂಪಿಗೆ ಇನ್ನೊಂದು ಅಣು ಸಂಕಲನಗೊಂಡು, ಅದಕ್ಕೆ ಮತ್ತೊಂದು ಸೇರಿ, ಸರಪಣಿ ಉದ್ದವಾಗುತ್ತ ಹೋಗುತ್ತದೆ, ಕ್ಯಾಲ್ಸಿಯಂ ಅವುಗಳ ಆಮ್ಲಜನಕಗಳನ್ನು ಹಿಡಿದು ಹತ್ತಿರ ಕೂಡಿಸುತ್ತದೆ. ಕಬ್ಬಿನ ಹಾಲಿನ ಕೊಳೆಯನ್ನು ತೆಗೆಯುವ ಸುಣ್ಣವೇ ಇಲ್ಲಿ ಸಕ್ಕರೆಯನ್ನು ಕಟ್ಟಲೂ ನೆರವಾಗುತ್ತದೆಂಬುದು ಬೆರಗು ಹುಟ್ಟಿಸುವ ಸಂಗತಿ. ಆದರೆ ಹಾಗೆ ಹುಟ್ಟಿದ್ದು ಹಲವಾರು ಸಕ್ಕರೆಗಳ ಕಲಸುಮೇಲೋಗರ, ಎಡಗೈಯವೂ ಬಲಗೈಯವೂ ಸಮಸಮ. ಬೋರಾನ್ ಇರುವ ಖನಿಜಗಳು ಜೊತೆಗಿದ್ದರೆ ಈ ಕಲಸಿನಲ್ಲಿ ರೈಬೋಸ್ ಎಂಬ ಸಕ್ಕರೆ ಒಡೆಯದೆ ಉಳಿಯುತ್ತದೆಂದು ಸ್ಟೀವನ್ ಬೆನ್ನರ್ ಅವರ ತಂಡ 2004ರಲ್ಲಿ ತೋರಿಸಿತು. ಆದರೂ ಕೈಯ ಆಯ್ಕೆ ಆಗಲಿಲ್ಲ.

ಆ ಆಯ್ಕೆಯನ್ನು ಖನಿಜದ ಮೈ ಮಾಡಬಲ್ಲದು ಎಂಬುದಕ್ಕೆ ಅತ್ಯಂತ ಸ್ಪಷ್ಟವಾದ ಪುರಾವೆ 1999ರಲ್ಲಿ ಟೋಕಿಯೊ ವಿಜ್ಞಾನ ವಿಶ್ವವಿದ್ಯಾಲಯದ ಕೆನ್‌ಸೊ ಸೊಯಾಯ್ ಅವರ ಪ್ರಯೋಗಾಲಯದಿಂದ ಬಂತು. ಸತುವಿನ ಒಂದು ಸಾವಯವ ಸಂಯುಕ್ತ ಪಿರಿಮಿಡಿನ್ ಎಂಬ ಉಂಗುರವುಳ್ಳ ಆಲ್ಡಿಹೈಡಿನ ಕಾರ್ಬೊನಿಲ್ ಗುಂಪಿಗೆ ಸೇರುವ ಸಂಕಲನ ಕ್ರಿಯೆಯನ್ನು ಅವರು ಕ್ವಾರ್ಟ್ಜ್ ಪುಡಿಯ ಜೊತೆಯಲ್ಲಿ ನಡೆಸಿದರು. ಬಂದು ಸೇರುವ ತುಣುಕು ಆಲ್ಡಿಹೈಡಿನ ಮೇಲ್ಬದಿಯಿಂದ ಬಂದರೆ ಒಂದು ಕೈಯ ಅಣು, ಕೆಳಬದಿಯಿಂದ ಬಂದರೆ ಇನ್ನೊಂದು ಕೈಯ ಅಣು ಆಗುತ್ತದೆ. ಬಲಸುತ್ತಿನ ಕ್ವಾರ್ಟ್ಜ್ ಬಳಸಿದಾಗ ಒಂದು ಕೈಯದೂ ಎಡಸುತ್ತಿನದನ್ನು ಬಳಸಿದಾಗ ಮತ್ತೊಂದು ಕೈಯದೂ ಬಹು ದೊಡ್ಡ ಅಂತರದಿಂದ ಮೇಲಾದವು. ಕ್ವಾರ್ಟ್ಜ್ ತಾನೇ ಕೊಟ್ಟ ಒಲವು ಅತ್ಯಲ್ಪ. ಆದರೆ ಈ ಕ್ರಿಯೆಯಲ್ಲಿ ಹುಟ್ಟಿದ ಅಣುವೇ ತನ್ನಂಥ ಇನ್ನಷ್ಟು ಅಣುಗಳ ಹುಟ್ಟಿಗೆ ಕ್ರಿಯಾವರ್ಧಕವಾಗುವುದರಿಂದ ಅಲ್ಪ ಒಲವು ಬೆಳೆದು ಬೆಟ್ಟವಾಗುತ್ತದೆ. ಎರಡು ವರ್ಷದ ತರುವಾಯ ರಾಬರ್ಟ್ ಹೇಜನ್ ಮತ್ತು ಸಂಗಡಿಗರು ಸುಣ್ಣದ ಕಲ್ಲಿನ ಮುಖ್ಯ ಖನಿಜವಾದ ಕ್ಯಾಲ್ಸೈಟಿನ ಹರಳನ್ನು ಎಡಗೈ, ಬಲಗೈ ಎರಡೂ ಸಮಸಮವಾಗಿ ಬೆರೆತ ಆಸ್ಪಾರ್ಟಿಕ್ ಆಮ್ಲದಲ್ಲಿ ಅದ್ದಿದರು. ಕ್ಯಾಲ್ಸೈಟಿಗೆ ಒಟ್ಟಾರೆ ಕೈತನವಿಲ್ಲ, ಆದರೆ ಅದರ ಕೆಲವು ಮುಖಗಳು ಪರಸ್ಪರ ಕನ್ನಡಿ ಬಿಂಬಗಳು. ಒಂದು ಮುಖಕ್ಕೆ ಎಡಗೈಯ ಅಣುಗಳೂ ಎದುರಿನ ಮುಖಕ್ಕೆ ಬಲಗೈಯವೂ ಹೆಚ್ಚಾಗಿ ಅಂಟಿದ್ದವು, ಅಂತರ ಶೇ. 10ರವರೆಗೂ ಇತ್ತು. ಮಾಂಟ್‌ಮೊರಿಲೊನೈಟ್ ಜೇಡಿಯ ಪದರಗಳ ಮೇಲೆ ಆರ್‌ಎನ್‌ಎ ಬಿಡಿಭಾಗಗಳು ಸರಪಣಿಯಾಗಿ ಹೆಣೆದುಕೊಳ್ಳುತ್ತವೆಂದು ಜೇಮ್ಸ್ ಫೆರಿಸ್ ಅದಕ್ಕೂ ಮೊದಲು, 1996ರಲ್ಲಿ, ತೋರಿಸಿದ್ದರು.

ಇಷ್ಟರಿಂದಲೇ ಒಗಟು ಬಗೆಹರಿಯಿತೆನ್ನುವುದು ಆತುರವಾದೀತು. ಭೂಮಿಯ ಮೇಲೆ ಒಟ್ಟಾರೆಯಾಗಿ ಎಡ ಮತ್ತು ಬಲಸುತ್ತಿನ ಕ್ವಾರ್ಟ್ಜ್ ಹೆಚ್ಚುಕಡಿಮೆ ಸಮನಾಗಿವೆ, ಶಿಂಷಾ ನದಿಯ ಒಂದು ಹಿಡಿ ಮರಳಿನಲ್ಲಿಯೂ ಎರಡೂ ಬೆರೆತಿರುತ್ತವೆ. ಕ್ಯಾಲ್ಸೈಟಿನ ಎರಡು ಮುಖಗಳೂ ಒಂದನ್ನೊಂದು ಸರಿದೂಗಿಸುತ್ತವೆ. ಆದ್ದರಿಂದ ಖನಿಜ ಒಂದು ಹೊಂಡದಲ್ಲಿ, ಒಂದು ಬಿರುಕಿನಲ್ಲಿ ಮಾತ್ರ ಆಯ್ಕೆ ಮಾಡಬಲ್ಲದು, ಲೋಕಕ್ಕೆಲ್ಲ ಅನ್ವಯವಾಗುವ ಆಯ್ಕೆಗೆ ಆ ಸ್ಥಳೀಯ ಒಲವು ಹಬ್ಬಿ ಬೆಳೆಯುವ ದಾರಿ ಬೇಕು. ಅಂಥ ಒಂದು ದಾರಿಯನ್ನು ದಿಲೀಪ್ ಕೊಂಡೆಪುಡಿ 1990ರಲ್ಲಿ ಸೋಡಿಯಂ ಕ್ಲೋರೇಟ್ ಎಂಬ ಸಾದಾ ಲವಣದಿಂದ ತೋರಿಸಿದರು. ಅದರ ಅಣುವಿಗೆ ಕೈತನವಿಲ್ಲ, ಹರಳಿಗೆ ಉಂಟು. ದ್ರಾವಣವನ್ನು ಅಲುಗಾಡಿಸದೆ ಇಟ್ಟರೆ ಎಡ ಮತ್ತು ಬಲದ ಹರಳುಗಳು ಸಮಸಮವಾಗಿ ಬೀಳುತ್ತವೆ, ತಿರುವುತ್ತಿದ್ದರೆ ಒಂದೊಂದು ಪಾತ್ರೆಯಲ್ಲಿ ಬಹುತೇಕ ಎಲ್ಲವೂ ಒಂದೇ ಕೈಯವಾಗುತ್ತವೆ, ಯಾವ ಕೈ ಎಂಬುದು ಮಾತ್ರ ಪಾತ್ರೆಯಿಂದ ಪಾತ್ರೆಗೆ ಬೇರೆ. ಮೊದಲು ಮೂಡಿದ ಒಂದೇ ಹರಳು ತಿರುವಿಗೆ ಚೂರಾಗಿ, ಆ ಚೂರುಗಳೇ ಬೀಜಗಳಾಗಿ, ಉಳಿದ ದ್ರವ್ಯವನ್ನೆಲ್ಲ ತಮ್ಮ ಕೈಗೆ ಸೆಳೆದುಕೊಳ್ಳುವುದು ಇದರ ಕಾರಣ. ಬೆಲ್ಲದ ಪಾಕವನ್ನು ತಿರುವುವಾಗ ನಡೆಯುವುದೂ ಯಂತ್ರಶಾಸ್ತ್ರದ ದೃಷ್ಟಿಯಿಂದ ಇದೇ ಆದರೂ, ಅಲ್ಲಿ ಎಡ ಬಲಗಳ ಸ್ಪರ್ಧೆಗೆ ಅವಕಾಶವಿಲ್ಲ, ಏಕೆಂದರೆ ಸಕ್ಕರೆಯ ಅಣುವನ್ನು ಒಂದೇ ಕೈಯದಾಗಿ ಕಟ್ಟುವ ಕೆಲಸವನ್ನು ಕಬ್ಬಿನ ಎಲೆಯಲ್ಲಿರುವ ಕಿಣ್ವಗಳು ಮೊದಲೇ ಮುಗಿಸಿರುತ್ತವೆ. ಆ ಕಿಣ್ವಗಳ ಪೂರ್ವಿಕರಿಗೆ ಆ ಕೈಯನ್ನು ಕಲಿಸಿದ್ದು ಯಾವುದೋ ಖನಿಜದ ಮೈಯೇ, ಬೇರೆ ಏನಾದರೂ ಇತ್ತೇ ಎಂಬ ಪ್ರಶ್ನೆಯ ಮೇಲೆ ಜಗತ್ತಿನ ಹಲವು ಪ್ರಯೋಗಾಲಯಗಳು ಇಂದಿಗೂ ದುಡಿಯುತ್ತಿವೆ.